ಕಡೇ ಬೆಂಚಿನ ಹಾಡು

ನಮ್ಮೂರ ಕ್ರೈಸ್ತ ದೇವಾಲಯದಲ್ಲಿ ಪಾದ್ರಿ ಅಯ್ಯನವರು ಆಡಿದ ಮಾತು ಒಂದು ಬೆಂಚು ದಾಟಲು ಎರಡು ನಿಮಿಷ ತೆಗೆದುಕೊಳ್ಳುತ್ತದೆ. ಬೆಂಚುಗಳು ಇಪ್ಪತ್ತು, ನಮ್ಮದು ಇಪ್ಪತ್ತನೆಯದು. ಲೆಕ್ಕ ನೀವೇ ಹಾಕಿಕೊಳ್ಳಿ. ಅಯ್ಯನವರು ಏಳು ಗಂಟೆಗೆ ಆರಾಧನೆ ಶುರು ಮಾಡಿದರೆ ನಮ್ಮ ಕಿವಿಗೆ ಅದು ಬೀಳುವುದು ಏಳು ನಲವತ್ತಕ್ಕೆ. ಹೊರಗೆ ಬೀದಿಯಲ್ಲಿ, ಸಂತೆಯಲ್ಲಿ, ಮನೆಯಲ್ಲಿ ಎಲ್ಲ ನಿಮ್ಮೂರಿನ ಹಾಗೆಯೇ. ಕೂಗಿದರೆ ಕೂಗಿದ ಕೂಡಲೇ ಕೇಳುತ್ತದೆ. ದೇವಾಲಯದ ಒಳಗೆ ಮಾತ್ರ ಮಾತು ನಡೆದುಕೊಂಡು ಬರುತ್ತದೆ. ಯಾಕೆ ಅಂತ ನನ್ನನ್ನು ಕೇಳಬೇಡಿ, ನಾನು ಬೇಕರಿಯವಳು.

ನಮಗೆ ಇದೆಲ್ಲ ಅಭ್ಯಾಸ. ಪ್ರಸಂಗದಲ್ಲಿ, ಅಂದರೆ ಅಯ್ಯನವರ ಉಪದೇಶದಲ್ಲಿ, ಒಂದು ಮಾತು ಸರಿಯಾಗಿ ಕೇಳಲಿಲ್ಲವೋ, ಎದ್ದು ಒಂದು ಬೆಂಚು ಹಿಂದಕ್ಕೆ ಹೋಗಿ ಕೂತರಾಯಿತು, ಅದೇ ಮಾತು ಮತ್ತೆ ಬರುತ್ತದೆ. ಪ್ರಸಂಗ ಎಳೆದಾಡುತ್ತಿದೆಯೋ, ಎರಡು ಬೆಂಚು ಮುಂದಕ್ಕೆ ಹೋದರೆ ನಾಲ್ಕು ನಿಮಿಷ ಉಳಿತಾಯ. ನಮ್ಮಲ್ಲಿ ಆಮೆನ್ ಒಂದೇ ಸಲ ಬರುವುದಿಲ್ಲ, ಮದುವೆ ಊಟದ ಪಂಕ್ತಿಯ ಹಾಗೆ ಬೆಂಚು ಬೆಂಚಾಗಿ ಏಳುತ್ತದೆ. ಒಂದು ಮದುವೆಯಲ್ಲಿ ಹಿಂದಿನ ಅಯ್ಯನವರು 'ಯಾರಿಗಾದರೂ ಆಕ್ಷೇಪಣೆ ಇದೆಯೇ' ಅಂತ ಕೇಳಿದ್ದಕ್ಕೆ ನಮ್ಮ ಬೆಂಚಿನಿಂದ ಒಬ್ಬರು 'ಇದೆ' ಅಂದರು. ಆ 'ಇದೆ' ಮುಂದಕ್ಕೆ ಮುಟ್ಟುವಷ್ಟರಲ್ಲಿ ಹೆಣ್ಣುಗಂಡು ಪಾಯಸ ಉಂಡು ಕೈ ತೊಳೆದಿದ್ದರು. ಆ ಸಂಸಾರ ಚೆನ್ನಾಗಿಯೇ ನಡೆಯುತ್ತಿದೆ, ಮೂರು ಮಕ್ಕಳು.

ನಮ್ಮ ಅಜ್ಜಿ ಮಿಷನ್ ಬಂಗಲೆಯಲ್ಲಿ ಅಡುಗೆಯವಳು. ದೊರೆಗಳು ತಿಂಡಿ ತಿಂದು ಆರಾಧನೆಗೆ ಹೋದ ಮೇಲೆ ಪಾತ್ರೆ ತೊಳೆದು, ಸೀರೆ ಬದಲಾಯಿಸಿ, ಓಡೋಡಿ ಬರುವಷ್ಟರಲ್ಲಿ ನಲವತ್ತು ನಿಮಿಷ ಆಗಿರುತ್ತಿತ್ತು. ಬೇರೆ ಊರಾಗಿದ್ದರೆ ಅವಳಿಗೆ ಅರ್ಧ ಆರಾಧನೆ ತಪ್ಪುತ್ತಿತ್ತು. ಇಲ್ಲಿ ಕಡೇ ಬೆಂಚಿನಲ್ಲಿ ಕೂತರೆ ಮೊದಲ ಅಕ್ಷರದಿಂದ ಸಿಗುತ್ತಿತ್ತು. ಅಂದಿನಿಂದ ಅದು ಭಾನುವಾರವೂ ದುಡಿಯುವವರ ಬೆಂಚು. ಈಗ ಅಲ್ಲಿ ನಾವು ಏಳು ಜನ. ರಾತ್ರಿ ಪಾಳಿ ಮುಗಿಸಿ ಬರುವ ನರ್ಸ್ ಯೂನಿಸ್, ಊರಿನ ಮೊದಲನೇ ಬಸ್ಸು ಓಡಿಸಿ ಬರುವ ದಾವಿದಪ್ಪ, ಹಾಲಿನ ಬೂತಿನ ದಂಪತಿ, ಇನ್ನಿಬ್ಬರು ಆಸ್ಪತ್ರೆಯ ಆಯಾಗಳು, ಮತ್ತೆ ನಾನು, ತಬಿತಾ. ಏಳೂವರೆಗೆ ಒಲೆಯಿಂದ ಕೊನೆಯ ಬ್ರೆಡ್ಡು ಇಳಿಸಿ, ಕೈಗೆ ಅಂಟಿದ ಮೈದಾಹಿಟ್ಟು ತೊಳೆದು, ಏಳು ಮೂವತ್ತೆಂಟಕ್ಕೆ ನಾನು ಬೆಂಚಿನಲ್ಲಿರುತ್ತೇನೆ.

ನಾನು ಹಾಡುತ್ತೇನೆ. ಅದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಗಲಾಟೆಯೆಲ್ಲ ಅದರಿಂದಲೇ. ಯಜಮಾನರು ತೀರಿಕೊಂಡು ಒಂಬತ್ತು ವರ್ಷ ಆಯಿತು. ವಾರಕ್ಕೆ ಆರು ದಿನ ನಾನು ಆಡುವ ಮಾತೆಂದರೆ 'ಸ್ಲೈಸ್ ಮಾಡ್ಲಾ, ಹಾಗೇ ಕೊಡ್ಲಾ' ಅಷ್ಟೇ. ಭಾನುವಾರ ಬಾಯಿ ತೆರೆದರೆ ಆರು ದಿನದ್ದೂ ಸೇರಿ ಬರುತ್ತದೆ. ನನ್ನ ದನಿ ಸಣ್ಣದಲ್ಲ. ದಾವಿದಪ್ಪ ತನ್ನ ಬಸ್ಸಿನ ಹಾರ್ನ್ ಕೆಟ್ಟಾಗ 'ಅಕ್ಕಾ, ಒಂದು ದಿನ ಮುಂದಿನ ಸೀಟಲ್ಲಿ ಬಂದು ಕೂತ್ಕಳಿ' ಅಂದಿದ್ದ. ನನಗೆ ಬೇಜಾರಿಲ್ಲ. ದೇವರು ಕೊಟ್ಟ ದನಿ, ಅವನೇ ಕೇಳಿಸಿಕೊಳ್ಳಲಿ.

ನನ್ನ ಮಗಳು ಲಿಡಿಯಾ ಮಾತ್ರ ಹದಿನೈದು ವರ್ಷಕ್ಕೇ ಕಡೇ ಬೆಂಚು ಬಿಟ್ಟು ಮುಂದೆ ಹೋದಳು. ಈಗ ಇಪ್ಪತ್ನಾಲ್ಕು, ಶಿಶುವಿಹಾರದಲ್ಲಿ ಟೀಚರ್. ಯುವಕರದೇ ಒಂದು ಎರಡನೇ ಆರಾಧನೆ ಇದೆ. ಅದರಲ್ಲಿ ಗಿಟಾರ್, ಡ್ರಮ್ಮು, ಚಪ್ಪಾಳೆ, ಗೋಡೆಯ ಮೇಲೆ ಹಾಡಿನ ಸಾಲು ಬೀಳಿಸುವ ಮಿಷನ್ನು ಎಲ್ಲ ಉಂಟು. ಅದನ್ನು ನಡೆಸುವವಳೇ ಲಿಡಿಯಾ. ಮೊದಲು ಅದು ಹತ್ತು ಗಂಟೆಗೆ ಇತ್ತು. ಅಷ್ಟರಲ್ಲಿ ನಾವು ಹಾಡಿದ್ದೆಲ್ಲ ಮುಂದಕ್ಕೆ ಹೋಗಿ ಮುಟ್ಟಿ, ದೇವಾಲಯ ಒಣಗಿದ ಬಟ್ಟೆಯ ಹಾಗೆ ಸಪ್ಪಗಾಗಿರುತ್ತಿತ್ತು. ಅವರ ಪಾಡಿಗೆ ಅವರು, ನಮ್ಮ ಪಾಡಿಗೆ ನಾವು.

ಕೆಟ್ಟಿದ್ದು ಹೊಸ ಅಯ್ಯನವರು ಬಂದ ಮೇಲೆ. ರೆವರೆಂಡ್ ಸುಕುಮಾರ್ ಸೈಮನ್, ಒಳ್ಳೆಯ ಮನುಷ್ಯ, ಸದಾ ಅವಸರ. ಅವರಿಗೆ ಹೊಳೆಯಾಚೆಯ ದೇವಾಲಯವನ್ನೂ ವಹಿಸಿದ್ದರು, ಅಲ್ಲಿ ಹತ್ತೂವರೆಗೆ ಆರಾಧನೆ. ಹಾಗಾಗಿ ನಮ್ಮ ಎರಡನೆಯದನ್ನು ಎಂಟೂ ಮುಕ್ಕಾಲಿಗೆ ಎಳೆದುಕೊಂಡರು. ಬೋರ್ಡಿನ ಮೇಲೆ ಚಾಕ್‌ಪೀಸಿನಲ್ಲಿ ಬರೆದೂ ಆಯಿತು. ಹೊಸಬರು ಪಾಪ, ಲೆಕ್ಕ ಗೊತ್ತಿಲ್ಲ. ಏಳರ ಆರಾಧನೆ ನಮ್ಮ ಬೆಂಚಿನಲ್ಲಿ ಮುಗಿಯುವುದೇ ಒಂಬತ್ತಕ್ಕೆ ಐದು ನಿಮಿಷ ಇರುವಾಗ. ಆಗ ನಾವು ಹಾಡಿದ ಕೊನೆಯ ಕೀರ್ತನೆ ಮುಂದಕ್ಕೆ ನಡೆದು ಪೀಠ ಮುಟ್ಟುವುದು ಒಂಬತ್ತೂ ಮೂವತ್ತೈದಕ್ಕೆ.

ಆಯಿತಲ್ಲ. ಮೊದಲ ಭಾನುವಾರವೇ ಲಿಡಿಯಾ ಗಿಟಾರ್ ಹಿಡಿದು 'ಬಾಗಿಲು ತೆರೆದಿದೆ ಬನ್ನಿರಿ ಒಳಗೆ' ಅಂತ ಕುಣಿಯುವ ಹಾಡು ಎತ್ತಿದ್ದಾಳೆ, ಹಿಂದಿನಿಂದ ನನ್ನ ದನಿ ಹೋಗಿ ಸೇರಿದೆ. ಅದೂ ಯಾವುದು? 'ಬರಿದಾದ ಬುಟ್ಟಿಯ ನೋಡಯ್ಯಾ ಕರ್ತನೇ' ಅಂತ ನಾವು ಎಳೆದೆಳೆದು ಹಾಡುವ ಅಳುಕೀರ್ತನೆ. ಡ್ರಮ್ಮಿನವನು ತಾಳ ತಪ್ಪಿದನಂತೆ, ಅರ್ಧ ಜನ ಕುಣಿದರಂತೆ, ಅರ್ಧ ಜನ ಕಣ್ಣೊರೆಸಿಕೊಂಡರಂತೆ. ಇನ್ನಾರು ಜನರ ದನಿಯೂ ಅದರಲ್ಲಿತ್ತು, ಆದರೆ ಹೆಸರು ಬಂದಿದ್ದು ನನಗೊಬ್ಬಳಿಗೇ.

ಮನೆಗೆ ಬಂದವಳೇ ಗಿಟಾರ್ ಮಂಚದ ಮೇಲೆ ಎಸೆದು, "ಅಮ್ಮಾ, ನೀನು ಸ್ವಲ್ಪ ಮೆತ್ತಗೆ ಹಾಡೋಕಾಗಲ್ವಾ?" ಅಂದಳು.

"ಮೆತ್ತಗೆ ಹಾಡಿದ್ರೆ ಹಾಡು ಅನ್ನಲ್ಲ ಕಣೇ, ಗೊಣಗಾಟ ಅಂತಾರೆ."

"ವಾರವಾರ ಅದೇ ಬುಟ್ಟಿ, ಅದೇ ಕರ್ತನೇ. ಹಾಡಿದ್ದೇ ಹಾಡೋ ಕಿಸಬಾಯಿದಾಸ ಅಂತ ನಗ್ತಾರಮ್ಮ ಎಲ್ಲರೂ."

"ನಗಲಿ ಬಿಡು. ದೇವರ ಮನೇಲಿ ನಗೋದೇ ಕಮ್ಮಿ ಆಗಿದೆ."

ಅವಳು ಬಾಗಿಲು ಹಾಕಿಕೊಂಡಳು. ನಾನು ಸಾರಿಗೆ ಒಗ್ಗರಣೆ ಹಾಕಿದೆ. ಹೀಗೇ ಮೂರು ವಾರ ನಡೆಯಿತು. ನಾಲ್ಕನೇ ವಾರ ಸಭಾ ಸಮಿತಿ ಕೂಡಿತು, ಅಯ್ಯನವರ ಮನೆಯ ಜಗುಲಿಯಲ್ಲಿ. ಕಾರ್ಯದರ್ಶಿ ಜಯಕರ ಮೇಷ್ಟ್ರು. ಮೂವತ್ತು ವರ್ಷ ಗಣಿತ ಹೇಳಿ ನಿವೃತ್ತರಾದವರು, ಒಂದನೇ ಬೆಂಚಿನವರು, ತಡವಾಗಿ ಬಂದವರನ್ನು ಈಗಲೂ ಹೊರಗೆ ನಿಲ್ಲಿಸುವ ಹಾಗೆ ನೋಡುತ್ತಾರೆ.

"ನೋಡಮ್ಮ ತಬಿತಾ," ಅಂದರು ಮೇಷ್ಟ್ರು, "ಹಿಂದಿನ ಐದು ಬೆಂಚು ತೆಗೆದು ಶಾಲೆಗೆ ಕೊಟ್ಟುಬಿಡೋಣ ಅಂತ. ಹದಿನೈದೇ ಬೆಂಚು ಇದ್ರೆ ಎಲ್ಲರ ಹಾಡೂ ಒಂಬತ್ತೂ ಕಾಲಿಗೆ ಮುಗಿದುಹೋಗುತ್ತೆ. ಶುರುವಿನ ಅರ್ಧ ಗಂಟೆ ಪ್ರಾರ್ಥನೆ, ಓದೋದು ಇಟ್ಕೊಂಡು ಹೇಗೋ ಸುಧಾರಿಸಬಹುದು."

"ನಾವೆಲ್ಲಿ ಕೂರೋದು ಮೇಷ್ಟ್ರೇ?"

"ಮುಂದೆ ಬನ್ನಿ. ಯಾರು ಬೇಡ ಅಂದ್ರು? ಹತ್ತು ನಿಮಿಷ ಬೇಗ ಬರೋದು."

"ಹತ್ತು ನಿಮಿಷ ಬೇಗ ಬಂದ್ರೆ ದಾವಿದಪ್ಪನ ಬಸ್ಸು ಯಾರು ಓಡಿಸ್ತಾರೆ? ಬೇಯದ ಬ್ರೆಡ್ಡನ್ನ ನಿಮ್ಮ ಮನೆಗೇ ಕಳಿಸ್ಲಾ? ಯೂನಿಸ್ ರೋಗಿಗಳನ್ನ ಹಾಗೇ ಬಿಟ್ಟು ಬರ್ಬೇಕಾ?"

ಅಯ್ಯನವರು ನಡುವೆ ಬಂದರು. "ತಬಿತಮ್ಮ, ಕೋಪ ಬೇಡ. ಒಂದು ತಿಂಗಳು ನೋಡೋಣ. ಎರಡನೇ ಆರಾಧನೆಗೆ ಹಿಂದಿನಿಂದ ಬೇರೆ ಹಾಡು ಬರದೆ ಇದ್ರೆ ಬೆಂಚು ಇರಲಿ. ಬಂದ್ರೆ ತಿಂಗಳು ಮುಗಿದ ಸೋಮವಾರ ಬಡಗಿ ಬರ್ತಾನೆ." 'ಹಾಗೆ ಬೆಂಚು ತೆಗೆಯೋದಕ್ಕೆ ಒಪ್ಪಿದವರು ಕೈ ಎತ್ತಿ' ಅಂದರು. ಯುವಕರ ಪರವಾಗಿ ಸಮಿತಿಯಲ್ಲಿದ್ದ ಲಿಡಿಯಾ ಕೈ ಎತ್ತಿದಳು. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು, ನನ್ನೆದುರಿಗೇ. ಜಗುಲಿಯಲ್ಲಿ ಅಳುವ ಪೈಕಿಯಲ್ಲ ನಾನು. ಎದ್ದು ಬಂದೆ.

ಮೊದಲನೇ ಭಾನುವಾರ ಸುಮ್ಮನೆ ಕೂತೆವು. ಏಳು ಜನ, ತುಟಿ ಬಿಗಿದುಕೊಂಡು. ಕೀರ್ತನೆ ಬಂತು, ನಮ್ಮ ಮುಂದೆಯೇ ಸದ್ದಿಲ್ಲದೆ ಹೋಯಿತು. ಯೂನಿಸ್ ಪುಸ್ತಕದಲ್ಲಿ ಮುಖ ಮುಚ್ಚಿಕೊಂಡಿದ್ದಳು. ಹಾಲಿನ ಬೂತಿನ ಯಜಮಾನರು ಕೆಮ್ಮಿದ ಹಾಗೆ ಮಾಡಿ ಎರಡು ಸ್ವರ ಹೊರಗೆ ಬಿಟ್ಟರು, ಹೆಂಡತಿ ಚಿವುಟಿದಳು. ಬೇಕರಿಗೆ ಹೋದವಳು ಕೇಕಿಗೆ ಸಕ್ಕರೆ ಹಾಕುವ ಕಡೆ ಉಪ್ಪು ಹಾಕಿದೆ. ಹೀಗೆ ಸುಮ್ಮನೆ ಕೂರುವುದಾದರೆ ಬೆಂಚು ಇದ್ದರೇನು, ಹೋದರೇನು ಅನ್ನಿಸಿತು.

ಮಾರನೇ ದಿನ ದಾವಿದಪ್ಪ ಬನ್ನು ಕೊಳ್ಳಲು ಬಂದವನು, "ಹೊರಡ್ತೀನಿ ಅಕ್ಕಾ, ಹನ್ನೊಂದರ ರೈಲಿಗೆ ಜನ ಬಿಡ್ಬೇಕು," ಅಂದ.

"ಈಗಿನ್ನೂ ಹತ್ತು."

"ಹತ್ತಕ್ಕೆ ಹೊರಟ್ರೆ ತಾನೇ ಅಕ್ಕಾ ಹನ್ನೊಂದಕ್ಕೆ ಸಿಗೋದು? ರೈಲು ಬಂದ ಮೇಲೆ ಹೊರಟ್ರೆ ಹೊಗೆ ಸಿಗುತ್ತೆ."

ನನ್ನ ಕೈಯಲ್ಲಿದ್ದ ಬನ್ನು ಅಲ್ಲೇ ನಿಂತಿತು. ಹೌದಲ್ಲ! ಬೇರೆ ಹಾಡು ಬರಬಾರದು ಅಂದಿದ್ದಾರೆ. ಅದೇ ಹಾಡು ಬಂದರೆ? ಲಿಡಿಯಾ ಮುಂದೆ ಹಾಡುವ ಹೊತ್ತಿಗೆ ಸರಿಯಾಗಿ ನಮ್ಮ ದನಿಯೂ ಅಲ್ಲಿರಬೇಕು ಅಂದರೆ, ಅವಳು ಬಾಯಿ ತೆರೆಯುವ ನಲವತ್ತು ನಿಮಿಷ ಮೊದಲೇ ನಾವು ಇಲ್ಲಿಂದ ಹೊರಡಿಸಬೇಕು. ಅವಳ ಹಾಡಿನ ಪಟ್ಟಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಯೇ ಇರುತ್ತದೆ, ಪಕ್ಕದಲ್ಲಿ ಗಂಟೆ ನಿಮಿಷದ ಸಮೇತ. ನಮ್ಮ ಕೊನೆಯ ಕೀರ್ತನೆಗೆ ಹೆದರಿ 'ಬಾಗಿಲು ತೆರೆದಿದೆ'ಯನ್ನು ಒಂಬತ್ತೂವರೆಯಿಂದ ಒಂಬತ್ತೂ ಹತ್ತಕ್ಕೆ ಎಳೆದುಕೊಂಡಿದ್ದಳು. ಅಂದರೆ ನಾವು ಎಂಟೂವರೆಗೆ ಹಾಡಬೇಕು, ನಮ್ಮ ಬೆಂಚಿನಲ್ಲಿ ಪ್ರಸಂಗ ನಡೆಯುತ್ತಿರುವಾಗಲೇ.

ಬೆಂಚಿನವರಿಗೆ ಹೇಳಿದೆ. ಯೂನಿಸ್ ಹುಬ್ಬೇರಿಸಿದಳು. "ತಬಿತಕ್ಕ, ಪ್ರಸಂಗದ ಮಧ್ಯೆ ಎದ್ದು ಚಪ್ಪಾಳೆ ತಟ್ಟೋದಾ?"

"ಪ್ರಸಂಗ ಆಡಿ ಮುಗಿಸಿದವರು ಆಗಲೇ ಕಾಫಿ ಕುಡಿದು ಎರಡನೇ ಆರಾಧನೆಗೆ ಅಂಗಿ ಸರಿ ಮಾಡ್ಕೊತಿರ್ತಾರೆ. ಯಾರಿಗೆ ಮರ್ಯಾದೆ ಹೋಗೋದು?" ಅಂದೆ. ಎಲ್ಲರೂ ಒಪ್ಪಿದರು. ಲಿಡಿಯಾ ಮನೆಯಲ್ಲಿ ಅಭ್ಯಾಸ ಮಾಡುವಾಗ ನಾನು ಅಡುಗೆಮನೆಯಲ್ಲಿ ಸೌಟು ಹಿಡಿದು ಕಲಿತೆ, ಕಲಿತದ್ದನ್ನು ಬೇಕರಿಯ ಹಿಂದೆ ಆರು ಜನರಿಗೆ ಕಲಿಸಿದೆ. ಹಾಡು ಕೆಟ್ಟದ್ದೇನಲ್ಲ, ಒಪ್ಪಿಕೊಳ್ಳುತ್ತೇನೆ. ಎರಡನೇ ಸಲ ಹಾಡುವಾಗ ಕಾಲು ತಾನಾಗಿಯೇ ಅಲ್ಲಾಡುತ್ತದೆ. ಲಿಡಿಯಾಗೆ ಮಾತ್ರ ಹೇಳಲಿಲ್ಲ. ಸರಿಹೋದ ಮೇಲೆ ಅವಳ ಮುಖ ನೋಡೋಣ ಅಂತ ಆಸೆ.

ಎರಡನೇ ಭಾನುವಾರವೂ ಬಾಯಿ ಬಿಗಿದು ಕೂತು, ಮೂರನೇ ಭಾನುವಾರ ಕೈಗಡಿಯಾರ ನೋಡಿಕೊಂಡು, ಸರಿಯಾಗಿ ಎಂಟೂವರೆಗೆ ಎದ್ದು ನಿಂತು ಹಾಡಿದೆವು. ಹಾಲಿನ ಬೂತಿನವರು ಕುಣಿದೂಬಿಟ್ಟರು. ಹೆಮ್ಮೆಯಿಂದ ಬೇಕರಿಗೆ ಹೋಗಿ ಲಿಡಿಯಾಗೆ ಇಷ್ಟವಾದ ಖಾರಾ ಬನ್ನು ಕಟ್ಟಿ ಮನೆಗೆ ತಂದೆ. ಅವಳು ಬಂದಾಗ ಮುಖ ಕೆಂಡವಾಗಿತ್ತು.

ನಡೆದದ್ದು ಇಷ್ಟು. ನಮ್ಮ ಬೇಕರಿಯವರ ಗಡಿಯಾರ ಯಾವಾಗಲೂ ಹತ್ತು ನಿಮಿಷ ಮುಂದೆ ಇರುತ್ತದೆ. ಬ್ರೆಡ್ಡು ಸೀಯಬಾರದು ಅಂತ ನಮ್ಮಪ್ಪನ ಕಾಲದಿಂದ ಹಾಗೆ. ಕೈಗಡಿಯಾರವನ್ನೂ ಅದಕ್ಕೇ ಹೊಂದಿಸಿಕೊಂಡಿರುತ್ತೇನೆ. ಏಳೂವರೆ ಅನ್ನುವಾಗ ಹತ್ತು ಕಳೆಯುವುದು ನನಗೆ ಉಸಿರಾಡಿದ ಹಾಗೆ, ಆದರೆ ಆವತ್ತು ಹಾಡಿನ ಗಡಿಬಿಡಿಯಲ್ಲಿ ಕಳೆಯುವುದನ್ನೇ ಮರೆತೆ. ಹಾಡು ಹತ್ತು ನಿಮಿಷ ಮೊದಲೇ ಹೊರಟುಹೋಗಿತ್ತು. ಒಂಬತ್ತು ಗಂಟೆಗೆ ಮುಂದೆ ಅಯ್ಯನವರು ಕಣ್ಣು ಮುಚ್ಚಿ, "ಒಂದು ನಿಮಿಷ ಮೌನವಾಗಿ ನಮ್ಮ ನಮ್ಮ ಪಾಪಗಳನ್ನು ನೆನೆಯೋಣ" ಅಂದಿದ್ದಾರೆ. ಇನ್ನೂರು ಜನ ತಲೆ ತಗ್ಗಿಸಿದ್ದಾರೆ. ಆಗ ಹಿಂದಿನಿಂದ ಏಳು ಜನ ಚಪ್ಪಾಳೆ ತಟ್ಟುತ್ತಾ 'ಬನ್ನಿರಿ ಒಳಗೆ, ಕುಣಿಯುತ ಬನ್ನಿ!'

ನನಗೆ ನಗು ತಡೆಯಲಾಗಲಿಲ್ಲ. ಲಿಡಿಯಾ ನಗಲಿಲ್ಲ.

"ನನ್ನ ಹಾಡನ್ನ ಆಡಿಕೊಂಡ್ಯಾ ಅಮ್ಮಾ? ಎಲ್ಲರೂ ಹಾಗೇ ತಿಳ್ಕೊಂಡಿದಾರೆ."

"ಆಡಿಕೊಳ್ಳೋದಾ? ಕಷ್ಟಪಟ್ಟು ಕಲಿತಿದೀನಿ ಕಣೇ. ಗಡಿಯಾರದ ತಪ್ಪು. ಬೆಂಚು ಉಳಿಸ್ಕೊಳ್ಳೋಕೆ ಮಾಡಿದ್ದು. ನೀನಂತೂ ತೆಗೀರಿ ಅಂತ ಕೈ ಎತ್ತಿದೆ."

"ಕೈ ಎತ್ತಿದ್ದು ಯಾಕೆ ಅಂತ ಕೇಳಿದ್ಯಾ ಒಂದ್ಸಲ ಆದ್ರೂ?" ಅವಳು ಗಿಟಾರ್ ಗೋಡೆಗೆ ಒರಗಿಸಿದಳು. "ಆ ಬೆಂಚು ಹೋದ್ರೆ ನೀನು ಮುಂದೆ ಬಂದು ನನ್ನ ಹತ್ರ ಕೂತ್ಕೊತೀಯ ಅಂತ. ಒಂಬತ್ತು ವರ್ಷದಿಂದ ನಾನು ಹಾಡೋದನ್ನ ನೀನು ಒಂದ್ಸಲಾನೂ ಕೇಳಿಲ್ಲ. ಅದು ಅಲ್ಲಿಗೆ ಬರೋ ಹೊತ್ತಿಗೆ ನೀನು ಬೇಕರಿಗೆ ಓಡಿಹೋಗಿರ್ತೀಯ."

ನಾನು ಅಡುಗೆಮನೆಯಿಂದ ಕೇಳಿದ್ದೆ, ಬಚ್ಚಲುಮನೆಯಿಂದ ಕೇಳಿದ್ದೆ, ಆದರೆ ದೇವಾಲಯದಲ್ಲಿ ಕೂತು ಕೇಳಿರಲಿಲ್ಲ, ನಿಜ. "ಬೆಂಚು ಬಿಟ್ಟು ಬರೋಕಾಗಲ್ಲ ಕಣೇ," ಅಂದೆ ಕೊನೆಗೆ. "ನಾನೊಬ್ಬಳು ಬರಬಹುದು. ಒಲೆ ಆರಿಸಿ ಬಂದೇನು. ಅವರಾರು ಜನ ಎಲ್ಲಿಗೆ ಹೋಗ್ತಾರೆ?" ಅವಳು ಖಾರಾ ಬನ್ನು ತಿಂದಳು, ಎರಡು.

ಜಯಕರ ಮೇಷ್ಟ್ರು ಸಂಜೆಯೇ ಬೇಕರಿಗೆ ಬಂದರು. ಬಡಗಿಗೆ ಮಾರನೇ ದಿನವೇ ಹೇಳುವುದು ಅಂತ ಅವರ ಮನಸ್ಸಿನಲ್ಲಿತ್ತು. ತಿಂಗಳು ಅಂದರೆ ನಾಲ್ಕು ಭಾನುವಾರ, ಇನ್ನೂ ಒಂದು ಉಳಿದಿದೆ, ಗಣಿತದ ಮೇಷ್ಟ್ರು ನೀವೇ ಹೀಗೆ ಲೆಕ್ಕ ತಪ್ಪಿದರೆ ಹೇಗೆ ಅಂತ ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿ, "ಸರಿ, ಒಂದು. ಅದಾದ ಮೇಲೆ ನನ್ನ ಹತ್ರ ಮಾತಿಲ್ಲ," ಅಂತ ರಸ್ಕು ಕಟ್ಟಿಸಿಕೊಂಡು ಹೋದರು.

ನಾಲ್ಕನೇ ಭಾನುವಾರ ಯೂನಿಸಳ ಆಸ್ಪತ್ರೆಯ ಗಡಿಯಾರ, ದಾವಿದಪ್ಪನ ಬಸ್‌ಸ್ಟ್ಯಾಂಡ್ ಗಡಿಯಾರ, ಎರಡನ್ನೂ ತಾಳೆ ನೋಡಿ ನನ್ನದನ್ನು ಬಿಚ್ಚಿ ಚೀಲಕ್ಕೆ ಹಾಕಿದೆ. ಎಂಟೂವರೆ ಆಯಿತು. ನಮ್ಮ ಬೆಂಚಿಗೆ ಬರುತ್ತಿದ್ದ ಪ್ರಸಂಗದಲ್ಲಿ ಬೈಬಲ್ಲಿನ ಕಥೆಯ ಬುದ್ಧಿಯಿಲ್ಲದ ಐದು ಜನ ಕನ್ಯೆಯರು ದೀಪದ ಎಣ್ಣೆ ತರಲು ಹೋಗಿದ್ದರು, ಅಷ್ಟರಲ್ಲಿ ಮದುವೆ ಮನೆಯ ಬಾಗಿಲು ಮುಚ್ಚಿಬಿಟ್ಟಿತ್ತು. ನಾವು ಎದ್ದು 'ಬಾಗಿಲು ತೆರೆದಿದೆ' ಅಂತ ಹಾಡಿದೆವು. ನಾನು ಹಿಡಿತ ಇಟ್ಟುಕೊಳ್ಳಲಿಲ್ಲ. ಇದೇ ಕೊನೆಯಾದರೆ ಪೂರ್ತಿ ಹಾಡಿಯೇ ಹೋಗೋಣ ಅಂತ ಆರು ದಿನದ್ದೂ ಹಾಕಿದೆ.

ಆಮೇಲೆ ಕೊನೆಯ ಕೀರ್ತನೆಗೂ ಬಾಯಿ ತೆರೆಯದೆ ಕೂತು ನೋಡಿದೆವು. ಕಣ್ಣಿಗೆ ತಡವಿಲ್ಲವಲ್ಲ, ಕಿವಿಗೆ ಮಾತ್ರ. ಎರಡು ನಿಮಿಷಕ್ಕೆ ಹತ್ತೊಂಬತ್ತನೇ ಬೆಂಚಿನವರು ತಿರುಗಿ ನಮ್ಮನ್ನು ನೋಡಿದರು. ನಾಲ್ಕಕ್ಕೆ ಹದಿನೆಂಟನೆಯವರು. ಹಾಡು ಹೀಗೆ ನಡೆದುಕೊಂಡು ಹೋಗುವುದು ತಲೆಗಳ ಲೆಕ್ಕದಲ್ಲಿ ಕಾಣುತ್ತಿತ್ತು. ನಡುವಿನ ಬೆಂಚುಗಳು ಆಗಲೇ ಖಾಲಿ, ಅಲ್ಲಿ ಅದು ಎಲ್ಲಿದೆ ಅಂತ ಗೊತ್ತಾಗಲಿಲ್ಲ. ಒಂಬತ್ತಕ್ಕೆ ಆರು ನಿಮಿಷ ಇರುವಾಗ ಎಂಟನೇ ಬೆಂಚಿನ ಯುವಕರು ತಿರುಗಿದರು. ಒಂಬತ್ತೂ ಹತ್ತಕ್ಕೆ ಲಿಡಿಯಾ ಗಿಟಾರ್ ಎತ್ತಿಕೊಂಡು ಮೈಕಿನ ಮುಂದೆ ಬಂದಳು.

ಬೆರಳು ಆಡಿಸಿದಳು. ಒಂದು ಗಳಿಗೆ ಆಯಿತೋ ಇಲ್ಲವೋ, ಕೈ ನಿಂತಿತು. ಡ್ರಮ್ಮಿನವನ ಕಡೆ ಅಂಗೈ ತೋರಿಸಿದಳು, ಅವನೂ ನಿಲ್ಲಿಸಿದ. ಅಷ್ಟೂ ಜನ ತಿರುಗಿ ಹಿಂದಕ್ಕೆ, ನಮ್ಮ ಕಡೆಗೆ, ನೋಡಿದರು. ಸ್ವಲ್ಪ ಹೊತ್ತಿಗೆ ಜಯಕರ ಮೇಷ್ಟ್ರು ಎದ್ದು ಮೈಕಿನ ಹತ್ತಿರವೇ ಹೋಗಿ ಎರಡೂ ಕೈ ಬೀಸಿ ಬೀಸಿ ಏನೋ ಕೂಗತೊಡಗಿದರು. ಅಂಥ ಮನುಷ್ಯ ದೇವಾಲಯದಲ್ಲಿ ಕೂಗುವುದು ಅಂದರೆ!

"ಹೋಯ್ತು ಬಿಡಿ ಅಕ್ಕಾ ನಮ್ ಬೆಂಚು," ಅಂದ ದಾವಿದಪ್ಪ. ಅವನಿಗೆ ರೈಲಿನ ಜನ ಕಾಯುತ್ತಿದ್ದರು, ಎದ್ದು ಹೋದ. ಯೂನಿಸ್ ನನ್ನ ಭುಜ ತಟ್ಟಿ ಮಲಗಲು ಹೋದಳು. ಬೂತಿನವರೂ ಆಯಾಗಳೂ ಒಬ್ಬೊಬ್ಬರಾಗಿ ಹೊರಟರು. ನಾನು ಮಾತ್ರ ಏಳಲಿಲ್ಲ. ಬೈದಿದ್ದರೆ ಏನು ಬೈದರು ಅಂತ ನನ್ನ ಕಿವಿಯಾರೆ ಕೇಳಿಯೇ ಹೋಗುತ್ತೇನೆ, ಬೇಕರಿ ಒಂದು ದಿನ ತಡವಾಗಿ ತೆಗೆದರೆ ಊರೇನೂ ಮುಳುಗುವುದಿಲ್ಲ. ಬೆಂಚಿನ ಮರವನ್ನು ಸವರುತ್ತಾ ಕೂತೆ. ಅಳು ಬಂತು, ಅತ್ತೆ. ಯಾರೂ ಇರಲಿಲ್ಲವಲ್ಲ.

ಒಂಬತ್ತೂ ಐವತ್ತಕ್ಕೆ ಗಿಟಾರ್ ಬಂತು. ಮನೆಯಲ್ಲಿ ಕೇಳಿದ ಗಿಟಾರೇ, ಆದರೆ ಆ ಎತ್ತರದ ಮಾಡಿನ ಕೆಳಗೆ ಅದಕ್ಕೆ ಬೇರೆಯೇ ಕಳೆ. ಡ್ರಮ್ಮು ಎರಡು ಸಲ ಬಡಿಯಿತು. ಗಿಟಾರ್ ನಿಂತಿತು. ಆಮೇಲೆ ಲಿಡಿಯಾಳ ದನಿ, ಮೈಕಿನಲ್ಲಿ: "ನಿಲ್ಸೋ, ಡ್ರಮ್ ನಿಲ್ಸು. ಎಲ್ಲ ಸುಮ್ನಿರಿ. ನಮ್ಮಮ್ಮ ಹಾಡ್ತಿದಾಳೆ, ಕೇಳಿ."

ಆಮೇಲೆ ಸದ್ದಿಲ್ಲ. ಇನ್ನೂರು ಜನ ಉಸಿರು ಬಿಗಿಹಿಡಿದು ಕೂತ ಸದ್ದು ಅದು. ನಾನು ಹಾಡಿದ್ದು ಅವರಿಗೆ ಕೇಳುತ್ತಿತ್ತು, ನನಗೆ ಅವರು ಕೇಳುತ್ತಿದ್ದುದು ಕೇಳುತ್ತಿತ್ತು. ಜನ್ಮದಲ್ಲಿ ಯಾರೂ ನನಗಾಗಿ ಅಷ್ಟು ಹೊತ್ತು ಸುಮ್ಮನೆ ಕೂತಿರಲಿಲ್ಲ. ಎರಡನೇ ಚರಣಕ್ಕೆ ಲಿಡಿಯಾ ತಾನೂ ಮೆಲ್ಲಗೆ ಸೇರಿಕೊಂಡಳು. ಒಂದು ಸಾಲು ಹಾಡಿ ಒಂದು 'ಅಮ್ಮನದು' ಅಂತ ಬಿಟ್ಟು ಹಾಡಿದಳು. ನನ್ನ ಮಗಳು ಎಷ್ಟು ಚೆನ್ನಾಗಿ ಹಾಡುತ್ತಾಳೆ ಅಂತ ನನಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ. ಆಮೇಲೆ ಎಲ್ಲರೂ ಸೇರಿದರು, ಚಪ್ಪಾಳೆ ಸುರಿಯಿತು, ಅದರ ಮೇಲೆ ಒಂದು ಮುದಿ ದನಿ ನಾಟಕದ ಟೆಂಟಿನಲ್ಲಿ ಕೂಗುವ ಹಾಗೆ ಕೂಗಿತು.

"ಒನ್ಸ್ ಮೋರ್! ಒನ್ಸ್ ಮೋರ್!"

ಜಯಕರ ಮೇಷ್ಟ್ರು! ನನ್ನ ಕಿವಿಯನ್ನೇ ನಂಬಲಾಗಲಿಲ್ಲ.

"ಮೇಷ್ಟ್ರೇ," ಲಿಡಿಯಾ ನಗುತ್ತಿದ್ದಳು, "ನೀವು ಈಗ ಕೂಗಿದ್ದು ಅಮ್ಮನಿಗೆ ಮುಟ್ಟೋದೇ ಇನ್ನು ನಲವತ್ತು ನಿಮಿಷಕ್ಕೆ. ಅವಳು ಹಾಡಿದ್ದು ನಮಗೆ ಬರೋವಾಗ ಹತ್ತೂವರೆ ದಾಟಿರುತ್ತೆ."

"ಕಾಯೋಣ ಬಿಡಮ್ಮ. ಅವರು ನಮ್ಮ ಮಾತಿಗೆ ಮೂರು ತಲೆಮಾರು ಕಾದಿಲ್ವಾ? ಬಡಗಿಗೆ ಬರಬೇಡ ಅಂತ ಹೇಳಿ ಕಳಿಸ್ತೀನಿ. ತಬಿತಾ, ಕೂತಿದ್ರೆ ಹಾಡಮ್ಮ!"

ಕೂತಿದ್ದೆ. ಎದ್ದು ನಿಂತೆ, ಸೆರಗಿನಿಂದ ಮೂಗು ಒರೆಸಿಕೊಂಡು ಹಾಡಿದೆ, ಒಬ್ಬಳೇ, ಖಾಲಿ ಬೆಂಚುಗಳಿಗೆ. ಹಾಡಿ ಮುಗಿಸುವಷ್ಟರಲ್ಲಿ ಮುಂದೆ ಅಯ್ಯನವರು ಕೈ ಎತ್ತಿ ಆಶೀರ್ವಾದ ಕೊಟ್ಟಿದ್ದರು. ಅವರು ಹೆಲ್ಮೆಟ್ ಹಾಕಿಕೊಂಡು ಹೊಳೆಯಾಚೆಗೆ ಓಡಿದರು. ಬೇರೆ ಯಾರೂ ಏಳಲಿಲ್ಲ. ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಬೀಸಣಿಗೆ ಬೀಸಿಕೊಂಡು, ಇನ್ನೂರು ಜನ ಕೂತೇ ಇದ್ದರು. ಲಿಡಿಯಾ ಹಿಂದಕ್ಕೆ ತಿರುಗಿ, ಒಂದನೇ ಬೆಂಚಿನಲ್ಲಿ ತನ್ನ ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟಿ ತೋರಿಸಿದಳು.

ಪಕ್ಕದ ಬಾಗಿಲಿನಿಂದ ಹೊರಗೆ ಹೋಗಿ, ಅಂಗಳ ಸುತ್ತಿ, ಮುಂದಿನ ಬಾಗಿಲಿನಿಂದ ಒಳಗೆ ಬಂದೆ. ಮೇಷ್ಟ್ರು ಸರಿದು ಜಾಗ ಮಾಡಿದರು. ನಾನು ಮಗಳ ಪಕ್ಕ ಕೂತೆ. ಅಷ್ಟು ಮುಂದೆ ಕೂತದ್ದು ಹುಟ್ಟಿದ ಮೇಲೆ ಅದೇ ಮೊದಲು, ಎಲ್ಲ ತುಂಬಾ ಹತ್ತಿರ ಕಂಡಿತು. ಕಾದೆವು.

ಹತ್ತೂ ಮೂವತ್ಮೂರಕ್ಕೆ ಹಿಂದಿನಿಂದ ನಾನು ಬಂದೆ. ಗೋಡೆಗೆ ಗೋಡೆ ಅದುರಿತು. ಮುಂದಿನ ಸಾಲಿನ ಒಂದು ಕೂಸು ಬೆಚ್ಚಿ ಎದ್ದಿತು.

"ಅಯ್ಯೋ ದೇವರೇ," ಅಂದೆ ಲಿಡಿಯಾಳ ಕಿವಿಯಲ್ಲಿ, "ನಾನು ಇಷ್ಟು ಜೋರೇನೇ?"

"ಹೂಂ ಅಮ್ಮ," ಅಂದಳು, ನನ್ನ ಕೈ ಬಿಡದೆ. "ಸುಮ್ನೆ ಕೇಳು."